ಮೇ ತಿಂಗಳ ಮ್ಯಾಗೀ ಮಾರ್ಷ್‌ಗೆ ಕ್ಯಾನನ್ 100-500: ದೂರಕ್ಕಿಂತ ಹತ್ತಿರ ಮುಖ್ಯ

ಹಕ್ಕಿ ಫೋಟೊ ತೆಗೆಯುವವರಲ್ಲಿ ಒಂದು ಮಾತು ಬೇರೂರಿಬಿಟ್ಟಿದೆ: ಲೆನ್ಸ್ ಎಷ್ಟು ಉದ್ದವಿದ್ದರೂ ಸಾಲದು. 400 ಎಂಎಂ ಇದ್ದವರಿಗೆ 600 ಬೇಕು, 600 ಇದ್ದವರಿಗೆ 800 ಬೇಕು. ಓಹಾಯೋದ ಮ್ಯಾಗೀ ಮಾರ್ಷ್‌ಗೆ ಮೇ ತಿಂಗಳಲ್ಲಿ ವಾರ್ಬ್ಲರ್ ಎಂಬ ಪುಟ್ಟ ವಲಸೆ ಹಕ್ಕಿಗಳ ಫೋಟೊ ತೆಗೆಯಲು ಹೊರಟವರು ಯಾರೇ ಕೇಳಲಿ, ನಾನು ಇದಕ್ಕೆ ತದ್ವಿರುದ್ಧ ಹೇಳುತ್ತೇನೆ. ಅಲ್ಲಿ ಬೇಕಾದ್ದು ಹತ್ತಿರದಲ್ಲಿ ಫೋಕಸ್ ಆಗುವ ಲೆನ್ಸ್. ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳಲು ಬರುವ ಲೆನ್ಸ್. ಬೆಳಗಿನಿಂದ ಮಧ್ಯಾಹ್ನದವರೆಗೆ ಕೈಯಲ್ಲಿ ಹಿಡಿದು ನಿಲ್ಲಲು ಆಗುವ ಲೆನ್ಸ್. ಕ್ಯಾನನ್‌ನ ಆರ್‌ಎಫ್ 100-500 ಎಂಎಂ (ಎಫ್ 4.5-7.1; ಈ ಎಫ್ ಸಂಖ್ಯೆ ದೊಡ್ಡದಾದಷ್ಟು ಒಳಬರುವ ಬೆಳಕು ಕಡಿಮೆ) ಈ ಮೂರನ್ನೂ ಒಟ್ಟಿಗೆ ಕೊಡುತ್ತದೆ. 2020ರಲ್ಲಿ ಬಂದ ಲೆನ್ಸ್ ಇದು, ಹೊಸದೇನಲ್ಲ. ಆದರೆ ವಸಂತದ ವಲಸೆ ಹಕ್ಕಿಗಳಿಗೆ ಅಂತ ಇಟ್ಟುಕೊಂಡು ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಬಗ್ಗೆ ಹೇಳಬೇಕು. ಜಾಗ ತಿಳಿಯದೆ ಲೆನ್ಸಿನ ಗುಣ ತಿಳಿಯುವುದಿಲ್ಲ.

ನಾನಿರುವುದು ಕೊಲಂಬಸ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಎರಡು ಗಂಟೆಗೂ ಮಿಕ್ಕಿ ಕಾರಿನಲ್ಲಿ ಹೋದರೆ ಈರೀ ಸರೋವರದ ದಂಡೆ, ಓಕ್ ಹಾರ್ಬರ್ ಅನ್ನುವ ಸಣ್ಣ ಊರು. ಅದರ ಆಚೆ ಮ್ಯಾಗೀ ಮಾರ್ಷ್ ವನ್ಯಜೀವಿ ಪ್ರದೇಶ. ಮೊದಲು ಬಾತುಕೋಳಿ ಬೇಟೆಯ ಖಾಸಗಿ ಕ್ಲಬ್ ಆಗಿದ್ದ ಈ ಜೌಗು ನೆಲವನ್ನು 1951ರಲ್ಲಿ ಓಹಾಯೋ ರಾಜ್ಯ ಕೊಂಡುಕೊಂಡಿತು. ಜೌಗಿಗೂ ಸರೋವರಕ್ಕೂ ನಡುವೆ ಮರಳಿನ ದಿಬ್ಬದ ಮೇಲೆ ಒಂದು ಪುಟ್ಟ ಕಾಡಿದೆ: ಕಾಟನ್‌ವುಡ್, ವಿಲ್ಲೋ, ಕೆಳಗೆ ಡಾಗ್‌ವುಡ್ ಪೊದೆ. ಅದರೊಳಗೆ ಸುಮಾರು ಒಂದು ಮೈಲಿಯ ಬೋರ್ಡ್‌ವಾಕ್, ಅಂದರೆ ಹಲಗೆ ಹಾಸಿದ ಕಾಲುದಾರಿ, ಎರಡೂ ಬದಿಗೆ ಕಟ್ಟಿಗೆಯ ಕಟಾಂಜನ. ಒಳಗೆ ಹೋಗಲು ಟಿಕೆಟ್ಟಿಲ್ಲ.

ಇಷ್ಟು ಸಣ್ಣ ಕಾಡಿಗೆ ಇಷ್ಟೊಂದು ಹಕ್ಕಿ ಯಾಕೆ ಬರುತ್ತವೆ ಅಂದರೆ, ಬೇರೆ ದಾರಿಯಿಲ್ಲ. ಚಳಿಗಾಲವನ್ನು ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಕಳೆದ ವಾರ್ಬ್ಲರ್‌ಗಳು ಮರಿ ಮಾಡಲು ಕೆನಡಾದ ಕಡೆ ಹೋಗುತ್ತವೆ. ಹಾರುವುದು ರಾತ್ರಿಯಲ್ಲಿ. ಬೆಳಗಾಗುವ ಹೊತ್ತಿಗೆ ಮುಂದೆ ಸರೋವರದ ನೀರು ಕಂಡರೆ ದಾಟುವ ಮೊದಲು ಇಳಿದು ಹೊಟ್ಟೆ ತುಂಬಿಸಿಕೊಳ್ಳಬೇಕು. ಹಿಂದೆ ಈ ಭಾಗದಲ್ಲಿ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ದೊಡ್ಡ ಜೌಗು ಕಾಡಿತ್ತು. 19ನೇ ಶತಮಾನದಲ್ಲಿ ಅದರ ನೀರು ಬಸಿದು, ಮರ ಕಡಿದು ಹೊಲ ಮಾಡಿದರು. ಈಗ ದಾರಿಯುದ್ದಕ್ಕೂ ಉತ್ತ ನೆಲ, ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು. ಹಾಗಾಗಿ ದಂಡೆಯಲ್ಲಿ ಉಳಿದಿರುವ ಈ ಸಣ್ಣ ಕಾಡುಗಳಿಗೇ ಹಕ್ಕಿಗಳು ಮುಗಿಬೀಳುತ್ತವೆ. ಮೇ ತಿಂಗಳಲ್ಲಿ ಸರೋವರದಿಂದ ಮಿಡ್ಜ್ ಎಂಬ ಕಚ್ಚದ ನುಸಿಗಳು ಲೆಕ್ಕವಿಲ್ಲದಷ್ಟು ಏಳುತ್ತವೆ. ನಮ್ಮ ಕಣ್ಣು ಮೂಗಿಗೆಲ್ಲ ಹೋಗುವ ಆ ನುಸಿಗಳೇ ಅವುಗಳ ಊಟ.

ಹಸಿದ ಹಕ್ಕಿಗೆ ಮನುಷ್ಯರ ಕಡೆ ಗಮನವಿರುವುದಿಲ್ಲ. ಕಟಾಂಜನಕ್ಕೆ ತಾಗಿದ ಕೊಂಬೆಯಲ್ಲಿ, ಭುಜದ ಎತ್ತರದಲ್ಲಿ, ಕೆಲವೊಮ್ಮೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹುಳ ಹೆಕ್ಕುತ್ತಿರುತ್ತದೆ. ಈ ಹತ್ತಿರವೇ ಫೋಟೊ ತೆಗೆಯುವವರನ್ನು ಕಷ್ಟಕ್ಕೆ ಸಿಕ್ಕಿಸುವುದು.

ಲೆಕ್ಕ ನೋಡಿ. ಹಕ್ಕಿ ಛಾಯಾಗ್ರಹಣದ ಅರಸ ಅನ್ನಿಸಿಕೊಂಡ ಆರ್‌ಎಫ್ 600 ಎಂಎಂ ಎಫ್ 4 ಲೆನ್ಸಿಗೆ ಕನಿಷ್ಠ ಫೋಕಸ್ ದೂರ 4.2 ಮೀಟರ್. ತೂಕ ಮೂರು ಕಿಲೋ ಮೀರುತ್ತದೆ. ಬಿಡುಗಡೆಯಾದಾಗ ಬೆಲೆ 12,999 ಡಾಲರ್. ಮ್ಯಾಗೀಯ ಬೋರ್ಡ್‌ವಾಕ್ ಮೇಲೆ 4.2 ಮೀಟರ್ ಅಂದರೆ ಹಿಂದಿನ ಕಟಾಂಜನಕ್ಕೆ ಬೆನ್ನು ಒತ್ತಿ ನಿಂತರೂ ಎದುರಿನ ಕಟಾಂಜನದ ಮೇಲಿನ ಹಕ್ಕಿ ಫೋಕಸ್ ಆಗುವುದಿಲ್ಲ. 100-500 ಹಾಗಲ್ಲ. 100ರಲ್ಲಿ 0.9 ಮೀಟರ್, ಪೂರ್ತಿ 500ಕ್ಕೆ ಚಾಚಿದಾಗ 1.2 ಮೀಟರ್. ಆ 1.2 ಮೀಟರ್‌ನಲ್ಲಿ ವರ್ಧನೆ 0.33 ಪಟ್ಟು. ಅಂದರೆ ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರಿನ) ಕ್ಯಾಮೆರಾ ಬಾಡಿಯಲ್ಲಿ ಚೌಕಟ್ಟಿನ ಅಗಲ ಹೆಚ್ಚುಕಡಿಮೆ 11 ಸೆಂಟಿಮೀಟರ್. ಮ್ಯಾಗ್ನೋಲಿಯಾ ವಾರ್ಬ್ಲರ್ ಕೊಕ್ಕಿನಿಂದ ಬಾಲದ ತುದಿಯವರೆಗೆ ಅದಕ್ಕಿಂತ ಉದ್ದ. ಇಡೀ ಹಕ್ಕಿ ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ! 500 ಎಂಎಂ ಸಾಲುವುದಿಲ್ಲ ಅನ್ನುವವರಿಗೆ ಇದನ್ನು ಹೇಳಿದರೆ ಮೊದಲು ನಂಬುವುದಿಲ್ಲ.

ಆಗ ಬೇಕಾಗುವುದು ಝೂಮ್. ಈ ಲೆನ್ಸಿನ ಝೂಮ್ ರಿಂಗ್‌ನ ಪಕ್ಕದಲ್ಲೇ ಅದರ ಬಿಗಿತ ಹೆಚ್ಚುಕಡಿಮೆ ಮಾಡಿಕೊಳ್ಳಲು ಇನ್ನೊಂದು ರಿಂಗ್ ಇದೆ. ನಾನು ಅದನ್ನು ಪೂರ್ತಿ ಸಡಿಲದ ಕಡೆಗೆ ತಿರುಗಿಸಿಟ್ಟಿರುತ್ತೇನೆ. ಎಡಗೈ ಬೆರಳಲ್ಲಿ ತಳ್ಳಿದರೆ 500ರಿಂದ 250ಕ್ಕೆ ಬಂದುಬಿಡುತ್ತದೆ. ನಡೆಯುವಾಗ ಲೆನ್ಸ್ ತಾನೇ ಕೆಳಗೆ ಜಾರಬಾರದು ಅಂದರೆ ಆಗ ಬಿಗಿ ಮಾಡಿಕೊಂಡರಾಯಿತು.

ಕಳೆದ ಮೇ ತಿಂಗಳಲ್ಲಿ ಸಾಗರದಿಂದ ಚಿಕ್ಕಪ್ಪ ಬಂದಿದ್ದರು. ಸರೋವರದ ಕಡೆಯಿಂದ ಮೂಳೆ ಕೊರೆಯುವ ಗಾಳಿ. ಮಂಕಿ ಕ್ಯಾಪು, ಅದರ ಮೇಲೆ ಶಾಲು, ಕುತ್ತಿಗೆಗೆ ನನ್ನ ಹಳೆಯ ಬೈನಾಕ್ಯುಲರ್. ನಾನು ಕಾಟನ್‌ವುಡ್ ತುದಿಯಲ್ಲಿದ್ದ ಒಂದು ಬೇ-ಬ್ರೆಸ್ಟೆಡ್ ವಾರ್ಬ್ಲರ್ ಹಿಂದೆ ಬಿದ್ದಿದ್ದೆ. ಚಿಕ್ಕಪ್ಪ ಪಿಸುದನಿಯಲ್ಲಿ, "ಪುಟ್ಟಿ, ಮೇಲೆ ಎಂತ ನೋಡ್ತೆ, ನಿನ್ನ ಮೊಣಕೈ ಹತ್ರ ನೋಡೇ" ಅಂದರು. ಕಟಾಂಜನದ ಆಚೆ ಡಾಗ್‌ವುಡ್ ಕಡ್ಡಿಯ ಮೇಲೆ ಗಂಡು ಮ್ಯಾಗ್ನೋಲಿಯಾ. ಹಳದಿ ಹೊಟ್ಟೆ, ಎದೆಯ ಮೇಲೆ ಇಳಿಬಿದ್ದ ಕಪ್ಪು ಗೆರೆಗಳು, ತಲೆಯ ಮೇಲೆ ಬೂದು. ಕೊಕ್ಕಿನಲ್ಲಿ ಒಂದು ನುಸಿಯ ಕಾಲು ಇನ್ನೂ ಹೊರಗೆ ಚಾಚಿಕೊಂಡಿತ್ತು. ನಾನು ಉಸಿರು ಹಿಡಿದು ಲೆನ್ಸನ್ನು ನಿಧಾನಕ್ಕೆ ಇಳಿಸಿ, ಝೂಮ್ ಅರ್ಧಕ್ಕಿಂತ ಹಿಂದಕ್ಕೆ ತಂದೆ. ಫೋಕಸ್ ತಕ್ಷಣ ಕಣ್ಣಿಗೆ ಕೂತಿತು. ಹಕ್ಕಿ ಕಡ್ಡಿಯಿಂದ ಕಡ್ಡಿಗೆ ಜಿಗಿಯಿತು, ಎಲೆಯ ಅಡಿಭಾಗ ನೋಡಲು ತಲೆಕೆಳಗಾಯಿತು, ಬಾಲ ಬಿಚ್ಚಿ ಬಿಳಿ ಪಟ್ಟಿ ತೋರಿಸಿತು. ಎಲ್ಲವೂ ಚೌಕಟ್ಟಿನೊಳಗೇ ಆಯಿತು. ಸ್ವಲ್ಪ ಹೊತ್ತಿಗೆ ಹಿಂದೆ ಜನ ಸೇರತೊಡಗಿದರು. ಚಿಕ್ಕಪ್ಪ ನನ್ನ ತೋಳು ಮುಟ್ಟಿ, "ಸಾಕು ಬಾರೇ, ಅಷ್ಟು ದೂರದಿಂದ ಹಾರಿ ಬಂದಿದ್ದು, ಉಣ್ಲಿ ಅದು" ಅಂದರು. ನಾವು ಮುಂದೆ ಸರಿದೆವು.

ಆ ಚಿತ್ರ ಈಗ ಚಿಕ್ಕಪ್ಪನ ಮನೆಯ ಹಜಾರದಲ್ಲಿದೆ. ಗರಿಗಳ ಎಳೆ ಎಳೆಯೂ ಎಣಿಸಬಹುದು. ಲೆನ್ಸಿನ ಸ್ಪಷ್ಟತೆಯ ಬಗ್ಗೆ ಬೇರೆ ಮಾತು ಬೇಡ. ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದಿದ್ದಾಗಲೇ ಚೂಪಾಗಿದೆ, ನಾನು ಯಾವತ್ತೂ ಮುಚ್ಚುವುದಿಲ್ಲ.

ಇಲ್ಲೇ ಒಂದು ಸ್ವಿಚ್ಚಿನ ವಿಷಯ. ಲೆನ್ಸಿನ ಬದಿಯಲ್ಲಿ ಫೋಕಸ್ ಮಿತಿಯ ಸ್ವಿಚ್ಚಿದೆ: ಒಂದು 'ಫುಲ್', ಇನ್ನೊಂದು '3 ಮೀಟರ್‌ನಿಂದ ಅನಂತ'. ಕೆರೆ ಹಕ್ಕಿ, ಹದ್ದುಗಳಿಗೆ 3 ಮೀಟರ್ ಮಿತಿಯಲ್ಲಿಟ್ಟರೆ ಫೋಕಸ್ ಚುರುಕಾಗುತ್ತದೆ ಅಂತ ಬಹಳ ಜನ ಅಲ್ಲೇ ಬಿಟ್ಟಿರುತ್ತಾರೆ. ಮ್ಯಾಗೀಯಲ್ಲಿ ಅದು 'ಫುಲ್'ನಲ್ಲೇ ಇರಬೇಕು. ಕಾರಿನಿಂದ ಇಳಿಯುವಾಗಲೇ ಹೆಬ್ಬೆರಳಲ್ಲಿ ಮುಟ್ಟಿ ನೋಡಿಕೊಳ್ಳಿ.

ಇನ್ನು ತೂಕ. ಟ್ರೈಪಾಡ್ ಕಾಲರ್ ಬಿಚ್ಚಿಟ್ಟರೆ ಸುಮಾರು 1.37 ಕಿಲೋ. ನನ್ನ ಬಾಡಿ ಆರ್6 ಮಾರ್ಕ್ 2, ಬ್ಯಾಟರಿ ಸೇರಿ 670 ಗ್ರಾಂ. ಎರಡೂ ಸೇರಿ ಎರಡು ಕಿಲೋ ಚಿಲ್ಲರೆ. ಇದು ಸಣ್ಣ ವಿಷಯವಲ್ಲ. ಅಲ್ಲಿ ಟ್ರೈಪಾಡ್ ಬಿಡಿಸಿ ನಿಂತರೆ ಬೋರ್ಡ್‌ವಾಕ್‌ನ ಅರ್ಧ ದಾರಿ ಅಡ್ಡವಾಗುತ್ತದೆ, ಗಾಲಿಕುರ್ಚಿಯಲ್ಲಿ ಬಂದವರು ದಾಟುವುದು ಹೇಗೆ? ಮೇ ಎರಡನೇ ವಾರದಲ್ಲಂತೂ ಭುಜಕ್ಕೆ ಭುಜ ತಾಗುವಷ್ಟು ಜನ. 2010ರಲ್ಲಿ ಶುರುವಾದ 'ದ ಬಿಗ್ಗೆಸ್ಟ್ ವೀಕ್ ಇನ್ ಅಮೆರಿಕನ್ ಬರ್ಡಿಂಗ್' ಉತ್ಸವ ನಡೆಯುವುದೂ ಆಗಲೇ. ಅದನ್ನು ನಡೆಸುವ ಬ್ಲ್ಯಾಕ್ ಸ್ವಾಂಪ್ ಬರ್ಡ್ ಅಬ್ಸರ್ವೇಟರಿಯ ಕಟ್ಟಡ ಮ್ಯಾಗೀ ಮಾರ್ಷ್‌ನ ಪ್ರವೇಶದ ಬಳಿಯೇ ಇದೆ. ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು. ತಲೆಯೆತ್ತಿ ಎತ್ತಿ ಕುತ್ತಿಗೆ ಹಿಡಿದುಕೊಳ್ಳುವ ಈ ಕೆಲಸದಲ್ಲಿ ಅರ್ಧ ಕಿಲೋ ಕಡಿಮೆಯಾದರೆ ಮಧ್ಯಾಹ್ನದ ಹೊತ್ತಿಗೆ ತೋಳಿಗೆ ಗೊತ್ತಾಗುತ್ತದೆ. ನನ್ನ ಬಲ ಮಣಿಕಟ್ಟು ಮೊದಲೇ ಸೂಕ್ಷ್ಮ. ಈ ಜೋಡಿಯನ್ನು ಬೆಳಗ್ಗೆ ಏಳರಿಂದ ಊಟದ ಹೊತ್ತಿನವರೆಗೆ ಹಿಡಿದರೂ ಮರುದಿನ ಕೀಬೋರ್ಡ್ ಮುಂದೆ ಕೂರಲು ತೊಂದರೆಯಾಗಿಲ್ಲ.

ನಡುಕ ತಡೆಯುವ ವ್ಯವಸ್ಥೆ ಲೆನ್ಸಿನಲ್ಲೇ 5 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಅಂತ ಕಂಪನಿ ಹೇಳುತ್ತದೆ. ಹಕ್ಕಿ ಒಂದು ಕ್ಷಣ ನಿಂತು ಹಾಡುವಾಗ 1/250 ಸೆಕೆಂಡಿನ ಶಟರ್‌ನಲ್ಲೂ ಚೂಪಾದ ಚಿತ್ರ ಸಿಗುತ್ತದೆ. ಆದರೆ ವಾರ್ಬ್ಲರ್ ನಿಲ್ಲುವುದು ಅಪರೂಪ. ನಾನು 1/800 ಅಥವಾ 1/1000ಕ್ಕಿಂತ ಕೆಳಗೆ ಇಳಿಯುವುದು ಕಡಿಮೆ.

ಅಲ್ಲಿಗೆ ಬೆಳಕಿನ ಪ್ರಶ್ನೆ ಬಂತು. ಈ ಲೆನ್ಸಿನ ಮೇಲೆ ಎಲ್ಲರೂ ಹೇಳುವ ಆಕ್ಷೇಪ ಎಫ್ 7.1. ಆಕ್ಷೇಪ ಸರಿಯಾದದ್ದೇ. ಮೋಡ ಕವಿದ ಬೆಳಗು, ಎಲೆ ಚಿಗುರಿದ ಕಾಡು, 1/1000 ಶಟರ್: ಐಎಸ್‌ಓ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 6400 ಮುಟ್ಟುತ್ತದೆ, ಒಮ್ಮೊಮ್ಮೆ ದಾಟುತ್ತದೆ. ಎಫ್ 4 ಲೆನ್ಸಿಗೆ ಹೋಲಿಸಿದರೆ ಒಂದೂಮುಕ್ಕಾಲು ಸ್ಟಾಪ್‌ನಷ್ಟು ಬೆಳಕು ಕಡಿಮೆ. ಆದರೆ ಎರಡು ಮಾತು ಸೇರಿಸಬೇಕು. ಒಂದು, ಝೂಮನ್ನು ತುದಿಯಿಂದ ಸ್ವಲ್ಪ ಹಿಂದಕ್ಕೆ, 450ರ ಆಸುಪಾಸಿಗೆ ತಂದರೆ 6.3 ಸಿಗುತ್ತದೆ, 300ರಲ್ಲಿ 5.6. ಹಕ್ಕಿ ಹತ್ತಿರ ಬಂದಾಗ ಹೇಗೂ ಹಿಂದಕ್ಕೆ ಬರುತ್ತೇವೆ, ಬೆಳಕೂ ತಾನಾಗಿ ಹೆಚ್ಚುತ್ತದೆ. ಎರಡು, ಹಕ್ಕಿ ಎರಡು ಮೀಟರ್‌ನಲ್ಲಿದ್ದಾಗ ಎಫ್ 4ರಲ್ಲಿ ಕಣ್ಣು ಚೂಪಾಗಿ ಬಂದರೆ ರೆಕ್ಕೆ ಮಸುಕು. ಅಷ್ಟು ಹತ್ತಿರದಲ್ಲಿ 7.1 ಇದ್ದರೂ ಹಿನ್ನೆಲೆ ಚೆನ್ನಾಗಿ ಕರಗುತ್ತದೆ. ಐಎಸ್‌ಓ 6400ರ ಕಾಳುಕಾಳನ್ನು 2023ರಲ್ಲಿ ಲೈಟ್‌ರೂಮ್ ತಂತ್ರಾಂಶಕ್ಕೆ ಬಂದ ಡಿನಾಯ್ಸ್ ಸಲೀಸಾಗಿ ತೆಗೆಯುತ್ತದೆ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ರಾತ್ರಿಯಿಡೀ ಹಾರಿ ಬಂದ ಹತ್ತು ಗ್ರಾಂ ತೂಕದ ಜೀವದ ಕಣ್ಣಿಗೆ ಅದನ್ನು ಹೊಡೆಯುವ ಹಕ್ಕು ನಮಗಿಲ್ಲ. ಮೊಬೈಲಿನಲ್ಲಿ ಹಾಡು ನುಡಿಸಿ ಕರೆಯುವುದೂ ಅಷ್ಟೇ ಕೆಟ್ಟದ್ದು. ಹಕ್ಕಿ ಎದುರಾಳಿ ಬಂದ ಅಂತ ಊಟ ಬಿಟ್ಟು ಹುಡುಕಲು ಬರುತ್ತದೆ.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ವಾರ್ಬ್ಲರ್ ತೆಗೆಯುವುದು ಅಂದರೆ ಬಣ್ಣ ಕಾಪಾಡುವುದು. ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ಗಂಡಿನ ಕುತ್ತಿಗೆ ಊದಿದ ಕೆಂಡದ ಹಾಗೆ, ನೆರಳಿನಲ್ಲೂ ಉರಿಯುತ್ತದೆ. ಮೈಯ ಉಳಿದ ಭಾಗ ಕಪ್ಪು ಬಿಳುಪು. ಕ್ಯಾಮೆರಾ ಆ ಕಪ್ಪನ್ನು ನೋಡಿ ಎಕ್ಸ್‌ಪೋಶರ್ ಹೆಚ್ಚಿಸುತ್ತದೆ, ಆಗ ಕಿತ್ತಳೆಯ ಕೆಂಪು ಚಾನೆಲ್ ತುಂಬಿ ಹರಿದು ಗರಿಯ ವಿವರವೆಲ್ಲ ಸಪಾಟಾಗುತ್ತದೆ. ಪರದೆಯಲ್ಲಿ ಸಾಮಾನ್ಯ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಸರಿಯಾಗಿಯೇ ಕಾಣಿಸುತ್ತದೆ, ಅದನ್ನು ನಂಬಬೇಡಿ. ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿಕೊಂಡು ಕೆಂಪಿನ ರೇಖೆ ಬಲಗಡೆಯ ಗೋಡೆಗೆ ಅಂಟಿದೆಯೇ ನೋಡಿ. ನಾನು ಈ ಹಕ್ಕಿಗೆ ಮೂರನೇ ಎರಡು ಸ್ಟಾಪ್ ಇಳಿಸುತ್ತೇನೆ. ಅಲ್ಲೇ ಮರದ ಪೊಟರೆಯಲ್ಲಿ ಗೂಡು ಮಾಡುವ ಪ್ರೊಥೊನೊಟರಿ ವಾರ್ಬ್ಲರ್‌ನ ಹಳದಿಗೂ ಇದೇ ಔಷಧಿ. ಕಪ್ಪು ನೀರಿನ ಮೇಲಿನ ಕೊಂಬೆಯಲ್ಲಿ ಕೂತ ಆ ಹಳದಿಯನ್ನು ಕ್ಯಾಮೆರಾಕ್ಕೇ ಬಿಟ್ಟರೆ ಬರೀ ಹಳದಿ ಚುಕ್ಕೆಯಾಗುತ್ತದೆ. ಆಕಾಶಕ್ಕೆ ಎದುರಾಗಿ ಮೇಲೆ ಕೂತವಕ್ಕೆ ಮಾತ್ರ ಉಲ್ಟಾ, ಒಂದು ಸ್ಟಾಪ್ ಏರಿಸಬೇಕು. ಎಕ್ಸ್‌ಪೋಶರ್ ತಿದ್ದುವುದನ್ನು ನಾನು ಲೆನ್ಸಿನ ಮೇಲಿರುವ ಕಂಟ್ರೋಲ್ ರಿಂಗ್‌ಗೇ ಕೊಟ್ಟಿದ್ದೇನೆ. ಕಣ್ಣು ವ್ಯೂಫೈಂಡರ್‌ನಿಂದ ತೆಗೆಯದೆ ತಿರುಗಿಸಬಹುದು, ಈ ಬಗೆಯ ಕೆಲಸಕ್ಕೆ ಅದು ಬಹಳ ಅನುಕೂಲ.

ಫೋಕಸ್ ಮೋಟಾರು ಸದ್ದಿಲ್ಲದ್ದು, ವೇಗದ್ದು. ಆರ್6 ಮಾರ್ಕ್ 2 ಹಕ್ಕಿಯ ಕಣ್ಣನ್ನು ಬೇಗ ಹಿಡಿಯುತ್ತದೆ. ಆದರೆ ಹತ್ತಾರು ಕಡ್ಡಿಗಳ ಹಿಂದೆ ಹಕ್ಕಿ ಇದ್ದಾಗ ಯಾವ ಕ್ಯಾಮೆರಾವೂ ಗಲಿಬಿಲಿಗೊಳ್ಳುತ್ತದೆ, ಹಿಂದಿನ ಬೆಳ್ಳಗಿನ ಆಕಾಶಕ್ಕೆ ಓಡುತ್ತದೆ. ಅದಕ್ಕೆ ನನ್ನ ಕ್ರಮ ಹೀಗೆ: ಸಣ್ಣ ಚುಕ್ಕೆಯ ಸ್ಪಾಟ್ ಫೋಕಸ್ ಒಂದು ಬಟನ್‌ಗೆ, ಕಣ್ಣು ಹುಡುಕುವ ಫೋಕಸ್ ಇನ್ನೊಂದಕ್ಕೆ. ಮೊದಲು ಸ್ಪಾಟ್‌ನಿಂದ ಹಕ್ಕಿ ಕೂತ ಕೊಂಬೆಗೇ ಫೋಕಸ್ ತಂದು, ಆಮೇಲೆ ಕಣ್ಣಿನದಕ್ಕೆ ಬೆರಳು ಬದಲಿಸುವುದು. ಸ್ಪಾಟೂ ಸೋತರೆ ಎಡಗೈಯಲ್ಲಿ ಫೋಕಸ್ ರಿಂಗ್ ತಿರುಗಿಸಿ ಹಕ್ಕಿಯ ಹತ್ತಿರ ತಂದುಕೊಡಬೇಕು. ಫೋಕಸ್ ಸಿಗದಾಗ ಲೆನ್ಸ್ ಹಿಂದಕ್ಕೆ ಮುಂದಕ್ಕೆ ಹುಡುಕಾಡುತ್ತಲೇ ಇರುವ ಆಯ್ಕೆ ಮೆನುವಿನಲ್ಲಿದೆ, ಅದನ್ನು ಆಫ್ ಮಾಡಿ. ಇಷ್ಟು ಮಾಡಿಕೊಂಡರೆ ಸಿಗುವ ಚಿತ್ರಗಳ ಸಂಖ್ಯೆಯೇ ಬೇರೆಯಾಗುತ್ತದೆ.

ಬೇರೆ ಸಣ್ಣಪುಟ್ಟ ಕೊರತೆಗಳು: ಝೂಮ್ ಮಾಡಿದರೆ ಲೆನ್ಸ್ ಉದ್ದವಾಗುತ್ತದೆ, ಸೋನಿಯ 200-600, ನಿಕಾನ್‌ನ 180-600 ಹಾಗೆ ಅಳತೆ ಬದಲಾಗದೆ ಇರುವುದಿಲ್ಲ. ಕಾಲರ್‌ನ ಪಾದಕ್ಕೆ ಟ್ರೈಪಾಡ್ ತಲೆಗೆ ನೇರ ಕೂರಿಸುವ ಆರ್ಕಾ-ಸ್ವಿಸ್ ಮಾದರಿಯ ತೋಡು ಇಲ್ಲ, ಬೇಕಾದವರು ಬೇರೆ ಪ್ಲೇಟ್ ಹಾಕಿಸಿಕೊಳ್ಳಬೇಕು. ಲೆನ್ಸನ್ನು ಇನ್ನೂ ಉದ್ದ ಮಾಡುವ 1.4 ಪಟ್ಟಿನ ಎಕ್ಸ್‌ಟೆಂಡರ್ ಹಾಕಿದರೆ 300ರಿಂದ 500ರ ನಡುವೆ ಮಾತ್ರ ಝೂಮ್ ಆಗುತ್ತದೆ, ತುದಿಯಲ್ಲಿ ಎಫ್ 10. ಮ್ಯಾಗೀಗೆ ಎಕ್ಸ್‌ಟೆಂಡರ್ ತರಲೇಬೇಡಿ. ಹಿಂದಕ್ಕೆ ಬರುವ ಶಕ್ತಿಯನ್ನೇ ಅದು ಕಿತ್ತುಕೊಳ್ಳುತ್ತದೆ, ಈ ಲೆನ್ಸ್ ತೆಗೆದುಕೊಂಡದ್ದೇ ಅದಕ್ಕಾಗಿ.

500 ಸಾಲದ ಸಂದರ್ಭ ಇಲ್ಲವೇ ಅಂದರೆ, ಇದೆ. ಬಿಸಿಲೇರಿದ ಮೇಲೆ ಹುಳಗಳು ಮರದ ತುದಿಗೆ ಹೋಗುತ್ತವೆ, ಹಕ್ಕಿಗಳೂ ಹಿಂದೆಯೇ. ಬೇ-ಬ್ರೆಸ್ಟೆಡ್, ಬ್ಲ್ಯಾಕ್‌ಬರ್ನಿಯನ್, ಕೇಪ್ ಮೇ ಎಲ್ಲ ಅಲ್ಲೇ. 24 ಮೆಗಾಪಿಕ್ಸೆಲ್‌ನಲ್ಲಿ ಅವನ್ನು ಕ್ರಾಪ್ ಮಾಡಿ ಒಳ್ಳೆಯ ಚಿತ್ರ ತೆಗೆಯುವುದು ಕಷ್ಟ. ಆದರೆ ಅದಕ್ಕೆ 800 ಎಂಎಂ ಕೂಡ ಪೂರ್ತಿ ಉತ್ತರವಲ್ಲ. ಕೆಳಗಿನಿಂದ ಬರೀ ಹೊಟ್ಟೆ ಕಾಣುವ ಚಿತ್ರ ಎಷ್ಟು ದೊಡ್ಡದಾಗಿ ಬಂದರೂ ಹೊಟ್ಟೆಯದೇ ಚಿತ್ರ. ಅದಕ್ಕಿಂತ ದಿನ ಆರಿಸಿಕೊಳ್ಳುವುದು ಜಾಣತನ. ಚಳಿ ಗಾಳಿಯ ದಿನ ಹುಳಗಳು ತಗ್ಗಿನ ಪೊದೆಗಳಲ್ಲಿ ಅಡಗುತ್ತವೆ, ತುದಿಯ ಹಕ್ಕಿಗಳೆಲ್ಲ ಕಣ್ಣಿನ ಮಟ್ಟಕ್ಕೆ ಇಳಿಯುತ್ತವೆ. ರಾತ್ರಿ ದಕ್ಷಿಣದ ಗಾಳಿ ಬೀಸಿ ಹಕ್ಕಿಗಳು ಬಂದು, ಬೆಳಗ್ಗೆ ಮಳೆ ಅಥವಾ ಉತ್ತರದ ಗಾಳಿ ಅಡ್ಡ ಬಂದು ಅವು ಮುಂದೆ ಹೋಗಲಾಗದೆ ಉಳಿದರೆ, ಅಂಥ ದಿನ ರಜೆ ಹಾಕಿಯಾದರೂ ಹೋಗಬೇಕು. ರಾತ್ರಿ ಎಷ್ಟು ಹಕ್ಕಿ ಹಾರುತ್ತಿವೆ ಅನ್ನುವುದನ್ನು ಹವಾಮಾನ ರೇಡಾರ್‌ನಿಂದ ಲೆಕ್ಕ ಹಾಕಿ ತೋರಿಸುವ ಬರ್ಡ್‌ಕಾಸ್ಟ್ ಅನ್ನು ನಾನು ಮೇ ತಿಂಗಳಿಡೀ ಮಲಗುವ ಮೊದಲು ನೋಡುತ್ತೇನೆ. ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಆ್ಯಪ್ ಹಾಡು ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಬ್ಲ್ಯಾಕ್‌ಬರ್ನಿಯನ್ ಹಾಡು ಎಷ್ಟು ಕೀರಲು ಅಂದರೆ ಚಿಕ್ಕಪ್ಪನಿಗೆ ಕೇಳಿಸಲೇ ಇಲ್ಲ. ಫೋನಿನಲ್ಲಿ ಹೆಸರು ಮೂಡಿದ್ದು ನೋಡಿ ತಲೆಯೆತ್ತಿ, ನನಗಿಂತ ಮೊದಲು ಅವರೇ ಹುಡುಕಿದರು.

ಊರಲ್ಲಿರುವ ಗೆಳೆಯರು ಈ ಲೆನ್ಸ್ ನಮಗೂ ಆಗುತ್ತದೆಯೇ ಅಂತ ಕೇಳುತ್ತಾರೆ. ಜೋಯಿಡಾದ ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್‌ನಂಥ ಕಡೆ, ನೀರಿನ ತೊಟ್ಟಿಗೆ ಹಕ್ಕಿ ಬರುವುದನ್ನು ಮರೆಯಲ್ಲಿ ಕೂತು ಕಾಯುವುದಾದರೆ, ದೂರ ಒಂದೇ ಇರುತ್ತದೆ, ಕೂತೇ ತೆಗೆಯುವುದು, ಕಾಡಿನ ನೆರಳು ದಟ್ಟ. ಅಲ್ಲಿ ದೊಡ್ಡ ಅಪರ್ಚರ್‌ನ ಭಾರದ ಲೆನ್ಸಿಗೆ ಬೆಲೆಯಿದೆ. ಆದರೆ ಅಕ್ಟೋಬರ್ ಆದ ಮೇಲೆ ಉತ್ತರದಿಂದ ನಮ್ಮ ತೋಟಗಳಿಗೆ ಬಂದಿಳಿಯುವ ಎಲೆ ಉಲಿಯಕ್ಕಿಗಳ ಹಿಂದೆ ಅಡಿಕೆ ಮರಗಳ ನಡುವೆ ನಡೆಯುವವರಿಗೆ ಇದೇ ಸರಿ. ಅಮೆರಿಕದ ವಾರ್ಬ್ಲರ್‌ಗಳದು ಬೇರೆಯೇ ಕುಟುಂಬವಾದರೂ ಚಡಪಡಿಕೆಯಲ್ಲಿ ಎರಡೂ ಒಂದೇ.

ಬೆಲೆ ಬಿಡುಗಡೆಯಾದಾಗ 2,699 ಡಾಲರ್ ಇತ್ತು. ಕಡಿಮೆಯಲ್ಲ. ಅಷ್ಟು ಹಾಕಲು ಮನಸ್ಸಿಲ್ಲದವರು ಆರ್‌ಎಫ್ 100-400 (ಎಫ್ 5.6-8) ನೋಡಿ. 2021ರಲ್ಲಿ 649 ಡಾಲರಿಗೆ ಬಂತು, ತೂಕ 635 ಗ್ರಾಂ ಅಷ್ಟೇ, 0.88 ಮೀಟರ್‌ನಲ್ಲೂ ಫೋಕಸ್ ಆಗುತ್ತದೆ. ಚಿಕ್ಕಪ್ಪನ ಕೈಗೆ ನಾನು ಕೊಟ್ಟದ್ದು ಅದನ್ನೇ. "ಇದು ಹಗುರಿದೆ, ಇದನ್ನ ಹಿಡ್ಕೊಳ್ಳಿ ಚಿಕ್ಕಪ್ಪ" ಅಂದೆ, ಸಂಜೆಯವರೆಗೂ ವಾಪಸು ಕೊಡಲಿಲ್ಲ. ಮಳೆ ನೀರಿಗೆ ಅದಕ್ಕೆ ರಕ್ಷಣೆ ಇಲ್ಲ, ಎಫ್ 8 ಅಂದರೆ ಮೋಡದ ದಿನ ಕಷ್ಟ, ಹುಡ್ ಕೂಡ ಬೇರೆಯೇ ಕೊಳ್ಳಬೇಕು. ಆದರೂ ಬಿಸಿಲಿದ್ದ ಹೊತ್ತಿನಲ್ಲಿ ಅವರು ತೆಗೆದ ಚೆಸ್ಟ್‌ನಟ್-ಸೈಡೆಡ್ ವಾರ್ಬ್ಲರ್ ಚಿತ್ರ ನನ್ನದಕ್ಕೆ ಏನೂ ಕಡಿಮೆಯಿಲ್ಲ. 2023ರ 200-800ರ ಬಗ್ಗೆಯೂ ಕೇಳುವವರಿದ್ದಾರೆ. 800ರಲ್ಲಿ ಅದರ ಕನಿಷ್ಠ ದೂರ 3.3 ಮೀಟರ್, ತೂಕ ಎರಡು ಕಿಲೋ ಮೀರಿ, ತುದಿಯಲ್ಲಿ ಎಫ್ 9. ಕೆರೆ ದಂಡೆಗೆ ಸೊಗಸಾದ ಲೆನ್ಸ್, ಈ ಕಾಡಿಗೆ ಅಲ್ಲ. ಬೇರೆ ಕಂಪನಿಯ ಬಾಡಿ ಇದ್ದವರು ಇದಕ್ಕಾಗಿ ಎಲ್ಲ ಬದಲಿಸುವ ಅಗತ್ಯವಿಲ್ಲ. ಸೋನಿಯ 100-400 ಜಿಎಂ, ನಿಕಾನ್‌ನ ಝಡ್ 100-400 ಎರಡೂ ಒಂದು ಮೀಟರಿಗಿಂತ ಒಳಗೆ ಫೋಕಸ್ ಆಗುತ್ತವೆ, ತೂಕವೂ ಇದರ ಹತ್ತಿರದ್ದೇ. ಮ್ಯಾಗೀಗೆ ಬರುವಾಗ 600 ಮನೆಯಲ್ಲಿಟ್ಟು ಅದನ್ನೇ ತನ್ನಿ.

ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡುವುದು ಒಳ್ಳೆಯದು. ಉತ್ಸವದ ವಾರಕ್ಕೆ ಈ ಲೆನ್ಸಿಗೆ ಬೇಡಿಕೆ ಜಾಸ್ತಿ, ಏಪ್ರಿಲ್‌ವರೆಗೆ ಕಾಯದೆ ಮಾರ್ಚ್‌ನಲ್ಲೇ ಕಾದಿರಿಸಿ. ಟ್ರೈಪಾಡ್ ಕಾಲರ್ ಬೇಡ ಅಂತ ಹೇಳಿ, ಅಷ್ಟೇ ತೂಕ ಉಳಿಯುತ್ತದೆ.